ತೂತು ಹುಟ್ಟಿದ ಗಳಿಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಕಾಕಾ ಅವರದು ಒಂದು ಸಣ್ಣ ಅಲ್ಯೂಮಿನಿಯಂ ಎರಕದ ಶೆಡ್ಡು. ಹೋದ ಮಳೆಗಾಲದಲ್ಲಿ ಒಂದು ಲಾಟ್ ಪಂಪ್ ಕವರು ವಾಪಸ್ ಬಂತು. ಮೇಲಿಂದ ನೋಡಿದರೆ ಎಲ್ಲವೂ ಲಕ್ಷಣವಾಗಿದ್ದವು. ಗಿರಾಕಿಯ ಮಷಿನ್ ಶಾಪಿನಲ್ಲಿ ಎರಡು ಮಿಲಿಮೀಟರ್ ಹೆರೆದಾಗ ಒಳಗೆ ಸಾಸಿವೆ ಕಾಳಿನಷ್ಟು ತೂತುಗಳು ಕಂಡವಂತೆ.

ಅಲ್ಲಿಂದ ಜಗಳ ಶುರುವಾಯಿತು. ಮೋಲ್ಡ್ ಮಾಡುವವರು "ಇದು ಗ್ಯಾಸ್" ಎಂದರು. ಹಾಗೆಂದರೆ ತಪ್ಪು ಲೋಹ ಕರಗಿಸುವವರದು. ಅವರು ಡಿಗ್ಯಾಸಿಂಗ್, ಅಂದರೆ ಕರಗಿದ ಲೋಹದಿಂದ ಅನಿಲ ತೆಗೆಯುವ ಕೆಲಸ, ಸರಿಯಾಗಿ ಮಾಡಿಲ್ಲ. ಕರಗಿಸುವವರು "ಅಲ್ಲ, ಇದು ಶ್ರಿಂಕೇಜ್" ಎಂದರು. ಹಾಗೆಂದರೆ ತಪ್ಪು ರೈಸರ್, ಅಂದರೆ ಹೆಚ್ಚುವರಿ ಲೋಹ ನಿಲ್ಲುವ ಗುಂಡಿ, ಇಟ್ಟವರದು. ಲೋಹ ಗಟ್ಟಿಯಾಗುವಾಗ ಕುಗ್ಗಿದ ಜಾಗಕ್ಕೆ ಬೇರೆ ಲೋಹ ಹರಿದು ಬಂದಿಲ್ಲ. ಕೊನೆಗೆ ನಾಲ್ಕು ಕವರುಗಳ ಎಕ್ಸ್‌ರೇ ತೆಗೆಸಿದೆವು. ತೂತುಗಳು ಸ್ಪಷ್ಟವಾಗಿ ಕಂಡವು. ಕಾಕಾ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹೇಳಿದರು: "ಅಲ್ಲೋ ತಮ್ಮಾ, ತೂತು ಎಲ್ಲೈತಿ ಅಂತ ನನಗೂ ಗೊತ್ತೈತಿ. ಯಾವಾಗ ಬಿತ್ತು ಅಂತ ಹೇಳಾವ್ರು ಯಾರು?"

ಸುಮ್ನೆ ಬೇಸರದಲ್ಲಿ ಆಡಿದ ಮಾತು. ಆದರೆ ಸಿಂಕ್ರೊಟ್ರಾನ್ ಎಂಬ ಭಾರಿ ಯಂತ್ರದ ಮುಂದೆ ಕೂತು ಎಕ್ಸ್‌ರೇ ಸಿನಿಮಾ ತೆಗೆಯುವ ವಿಜ್ಞಾನಿಗಳದ್ದೂ ಇದೇ ಪ್ರಶ್ನೆ.

ಮೊದಲು ಮಾಮೂಲಿ ಎಕ್ಸ್‌ರೇ ನೋಡೋಣ. 1895ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ ಈ ಕಿರಣ ಕಂಡುಹಿಡಿದು, ಹೆಂಡತಿಯ ಕೈಯ ಎಲುಬು, ಉಂಗುರಗಳ ಚಿತ್ರ ತೆಗೆದ. ಇವತ್ತು ಆಸ್ಪತ್ರೆಯಲ್ಲಿ ನಡೆಯುವುದೂ ಮೂಲದಲ್ಲಿ ಅದೇ. ಒಂದು ಕಡೆಯಿಂದ ಕಿರಣ ಬಿಡುತ್ತಾರೆ, ಇನ್ನೊಂದು ಕಡೆ ನೆರಳು ಹಿಡಿಯುತ್ತಾರೆ. ಎಲುಬು ಕಿರಣವನ್ನು ಜಾಸ್ತಿ ತಡೆಯುತ್ತದೆ, ಮಾಂಸ ಕಡಿಮೆ ತಡೆಯುತ್ತದೆ. ಆ ವ್ಯತ್ಯಾಸವೇ ಚಿತ್ರ.

ಸಿಟಿ ಸ್ಕ್ಯಾನ್ ಇದರ ಮುಂದಿನ ಹೆಜ್ಜೆ. ಒಂದೇ ನೆರಳು ನೋಡಿದರೆ ತೂತು ಎಷ್ಟು ಆಳದಲ್ಲಿದೆ ಎಂದು ಗೊತ್ತಾಗುವುದಿಲ್ಲ. ನೂರಾರು ಕೋನಗಳಿಂದ ನೆರಳು ಹಿಡಿದು ಕಂಪ್ಯೂಟರಿಗೆ ಕೊಟ್ಟರೆ, ಅದು ಲೆಕ್ಕ ಹಾಕಿ ವಸ್ತುವಿನ ಒಳಗನ್ನು ಪೂರ್ತಿ ಕಟ್ಟಿಕೊಡುತ್ತದೆ. ಆಸ್ಪತ್ರೆಯಲ್ಲಿ ರೋಗಿ ಮಲಗಿರುತ್ತಾನೆ, ಯಂತ್ರ ಸುತ್ತುತ್ತದೆ. ಸಿಂಕ್ರೊಟ್ರಾನ್‌ನಲ್ಲಿ ಇದು ಉಲ್ಟಾ. ಕಿರಣ ಬರುವ ದಾರಿಯನ್ನು ಅಲುಗಿಸಲು ಆಗದು, ಹಾಗಾಗಿ ವಸ್ತುವನ್ನೇ ತಿರುಗಿಸುತ್ತಾರೆ.

ಹಾಗಾದರೆ ಆಸ್ಪತ್ರೆಯ ಯಂತ್ರವನ್ನೇ ಒಂದಿಷ್ಟು ಜೋರು ಮಾಡಿ ಎರಕದ ಮುಂದೆ ಇಟ್ಟರೆ ಸಾಕಲ್ವಾ? ಸಾಕಾಗುವುದಿಲ್ಲ. ಏಕೆಂದು ತಿಳಿಯಲು ಬೆಳಗಾವಿಯ ಮಳೆಯನ್ನು ನೆನೆಸಿಕೊಳ್ಳಿ.

ಅಂಗಳದಲ್ಲಿ ಒಂದೇ ಅಳತೆಯ ಸಾಲು ಸಾಲು ಬಟ್ಟಲು ಇಟ್ಟಿದ್ದೀರಿ. ಮಳೆ ಎಲ್ಲ ಕಡೆಗೂ ಸಮನಾಗಿ ಬೀಳುತ್ತಿದೆ. ಒಂದು ಕ್ಷಣ ಮಾತ್ರ ಬಟ್ಟಲು ತೆರೆದು ಮುಚ್ಚಿದರೆ ಒಂದರಲ್ಲಿ ಮೂರು ಹನಿ ಇರುತ್ತದೆ, ಪಕ್ಕದ್ದರಲ್ಲಿ ಏಳು. ಮಳೆ ಸಮನಾಗಿದೆ ಎಂದು ಯಾರೂ ಹೇಳಲಾರರು. ಬಹಳ ಹೊತ್ತು ಬಿಟ್ಟರೆ ಮಾತ್ರ ಎಲ್ಲ ಬಟ್ಟಲೂ ಸಮನಾಗುತ್ತವೆ. ಎಕ್ಸ್‌ರೇ ಕೂಡ ಹನಿ ಹನಿಯಾಗಿಯೇ ಬೀಳುತ್ತದೆ. ಆ ಹನಿಗೆ ಫೋಟಾನ್ ಎನ್ನುತ್ತಾರೆ. ಒಂದು ಪಿಕ್ಸೆಲ್‌ಗೆ 100 ಫೋಟಾನ್ ಬಿದ್ದರೆ ಸುಮಾರು 10ರಷ್ಟು ಏರುಪೇರು ಇದ್ದೇ ಇರುತ್ತದೆ, ಅಂದರೆ ಶೇಕಡಾ 10. 10,000 ಬಿದ್ದರೆ ಏರುಪೇರು 100, ಅಂದರೆ ಶೇಕಡಾ 1. ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವುದು ಈ ಏರುಪೇರೇ.

ಈಗ ಚಿತ್ರ ಎರಡು ಪಟ್ಟು ಸೂಕ್ಷ್ಮವಾಗಿರಲಿ ಎನ್ನೋಣ. ಪಿಕ್ಸೆಲ್‌ನ ಉದ್ದ ಅರ್ಧ, ಅಗಲ ಅರ್ಧ. ಬಟ್ಟಲಿನ ಬಾಯಿ ನಾಲ್ಕರಲ್ಲಿ ಒಂದು ಪಾಲಾಯಿತು, ಹನಿಯೂ ಅಷ್ಟೇ ಕಡಿಮೆ. ಇಷ್ಟಕ್ಕೇ ಮುಗಿಯಲಿಲ್ಲ. ನೀವು ಹುಡುಕುತ್ತಿರುವ ತೂತು ಕೂಡ ಈಗ ಅರ್ಧ ಅಳತೆಯದ್ದು. ಅದರ ನೆರಳು ಮೊದಲಿನ ಅರ್ಧದಷ್ಟೇ ಗಾಢ. ಆ ಮಸುಕು ನೆರಳು ಮರಳಿನಲ್ಲಿ ಮುಚ್ಚಿಹೋಗದೆ ಕಾಣಬೇಕಾದರೆ ಪ್ರತಿ ಪಿಕ್ಸೆಲ್‌ಗೆ ನಾಲ್ಕು ಪಟ್ಟು ಫೋಟಾನ್ ಬೇಕು. ನಾಲ್ಕು ನಾಲ್ಕಲಿ ಹದಿನಾರು. ಎರಡು ಪಟ್ಟು ಸೂಕ್ಷ್ಮ ನೋಟಕ್ಕೆ ಹದಿನಾರು ಪಟ್ಟು ಬೆಳಕು!

ಇಷ್ಟು ಬೆಳಕಿಗಾಗಿ ಹೆಚ್ಚು ಹೊತ್ತು ಕಾಯೋಣ ಎಂದರೆ ವಸ್ತು ಸುಮ್ಮನೆ ಕೂರುವುದಿಲ್ಲ. ತೂತಿನ ಅಂಚು ಸೆಕೆಂಡಿಗೆ ಬರೀ 0.1 ಮಿಲಿಮೀಟರ್ ಸರಿಯುತ್ತಿದೆ ಎಂದುಕೊಳ್ಳಿ. ನಿಮ್ಮ ಪಿಕ್ಸೆಲ್ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸೆಕೆಂಡಿನ ನೂರರಲ್ಲಿ ಒಂದು ಭಾಗ ಕಳೆಯುವಷ್ಟರಲ್ಲಿ ಅಂಚು ಒಂದು ಪಿಕ್ಸೆಲ್ ದಾಟಿಬಿಡುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕ್ಯಾಮೆರಾ ಕಣ್ಣು ತೆರೆದಿದ್ದರೆ ಚಿತ್ರ ಕಲಸಿಹೋಗುತ್ತದೆ. ಮೂರು ಆಯಾಮದ ಚಿತ್ರವಾದರೆ ಇನ್ನೂ ಕಷ್ಟ. ಅಷ್ಟೇ ಹೊತ್ತಿನಲ್ಲಿ ಎಲ್ಲ ಕೋನಗಳ ನೆರಳೂ ಮುಗಿಯಬೇಕು. ಸಾವಿರ ನೆರಳು ಬೇಕೆಂದರೆ ಒಂದೊಂದಕ್ಕೆ ಸಿಗುವುದು ಸೆಕೆಂಡಿನ ಲಕ್ಷದ ಒಂದು ಭಾಗ.

ಅದಕ್ಕೇ ಈ ಕ್ಷೇತ್ರದಲ್ಲಿ ವೇಗ ಮತ್ತು ಸೂಕ್ಷ್ಮತೆ ಎರಡು ಬೇರೆ ಬೇರೆ ಸಾಮರ್ಥ್ಯಗಳಲ್ಲ ಎಂದು ನನಗೆ ಅನ್ನಿಸುತ್ತದೆ. ಎರಡಕ್ಕೂ ಇರುವುದು ಬೆಳಕು ಎಂಬ ಒಂದೇ ಜೇಬು. ಹಾಗಾಗಿ ಮೊದಲು ಆ ಜೇಬು ತುಂಬಬೇಕು.

ಅದನ್ನು ತುಂಬುವುದೇ ಸಿಂಕ್ರೊಟ್ರಾನ್. ಕೆಸರಿನಲ್ಲಿ ಜೋರಾಗಿ ಸೈಕಲ್ ಹೊಡೆದರೆ ಚಕ್ರದಿಂದ ಕೆಸರು ಹೇಗೆ ಚಿಮ್ಮುತ್ತದೆ? ಚಕ್ರ ತಿರುಗುತ್ತಿದ್ದರೂ ಹನಿ ಮಾತ್ರ ನೇರವಾಗಿ ಸಿಡಿಯುತ್ತದೆ. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ, ಅಯಸ್ಕಾಂತಗಳಿಂದ ಬಳೆಯಾಕಾರದ ಕೊಳವೆಯೊಳಗೆ ಬಾಗಿಸಿದರೆ, ಬಾಗುವ ಪ್ರತಿ ಜಾಗದಲ್ಲೂ ಅವು ಮುಂದಿನ ದಿಕ್ಕಿಗೆ ಬೆಳಕು ಚಿಮ್ಮುತ್ತವೆ. ಹೋಲಿಕೆ ಇಲ್ಲಿಗೇ ಸಾಕು. ಕೆಸರು ಚಕ್ರಕ್ಕೆ ಮೊದಲೇ ಅಂಟಿಕೊಂಡಿರುತ್ತದೆ, ಈ ಬೆಳಕು ಹಾಗಲ್ಲ. ಬಾಗುವಾಗ ಎಲೆಕ್ಟ್ರಾನ್ ಕಳೆದುಕೊಳ್ಳುವ ಶಕ್ತಿಯೇ ಬೆಳಕಾಗುತ್ತದೆ. ಇಂಥ ಬೆಳಕು ಮೊದಲು ಕಣ್ಣಿಗೆ ಬಿದ್ದದ್ದು 1947ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ. ಆಗ ಇದನ್ನು ಶಕ್ತಿ ಸೋರಿಹೋಗುವ ಪೀಡೆ ಎಂದೇ ನೋಡುತ್ತಿದ್ದರು. ಆಮೇಲೆ ಆ ಸೋರಿಕೆಗಾಗಿಯೇ ಯಂತ್ರ ಕಟ್ಟತೊಡಗಿದರು.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಯುರೋಪಿಯನ್ ಸಿಂಕ್ರೊಟ್ರಾನ್‌ನ ಬಳೆಯ ಸುತ್ತಳತೆ 844 ಮೀಟರ್. ಎಲೆಕ್ಟ್ರಾನ್ ಅದನ್ನು ಸೆಕೆಂಡಿಗೆ ಸುಮಾರು ಮೂರೂವರೆ ಲಕ್ಷ ಸಲ ಸುತ್ತುತ್ತದೆ. ಬಳೆಯ ನಡುನಡುವೆ ನೇರ ದಾರಿಯಲ್ಲಿ ಉತ್ತರ-ದಕ್ಷಿಣ, ಉತ್ತರ-ದಕ್ಷಿಣ ಎಂದು ಅಯಸ್ಕಾಂತಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಅಲ್ಲಿ ಎಲೆಕ್ಟ್ರಾನ್ ಹಾವಿನಂತೆ ಓಲಾಡುತ್ತಾ ಹೋಗುತ್ತದೆ, ಓಲಾಡಿದಷ್ಟೂ ಬೆಳಕು ಕೂಡಿಕೊಳ್ಳುತ್ತದೆ. 2020ರಲ್ಲಿ ಆ ಬಳೆಯನ್ನು ಹೊಸದಾಗಿ ಕಟ್ಟಿ ಮತ್ತೆ ತೆರೆದರು. ಅಲ್ಲಿನ ಎಕ್ಸ್‌ರೇ ಆಸ್ಪತ್ರೆಯದ್ದಕ್ಕಿಂತ ಹತ್ತು ಲಕ್ಷ ಕೋಟಿ ಪಟ್ಟು ಪ್ರಖರ ಎಂದು ಆ ಸಂಸ್ಥೆ ಹೇಳುತ್ತದೆ. ಅಷ್ಟು ಪಟ್ಟು ಜಾಸ್ತಿ ಫೋಟಾನ್ ಇವೆ ಎಂದಲ್ಲ. ಪ್ರಖರ ಎಂಬುದರಲ್ಲಿ ಮೂರು ಮಾತು ಸೇರಿವೆ. ಬೆಳಕು ತೀರಾ ಸಣ್ಣ ಜಾಗದಿಂದ ಹೊರಡಬೇಕು, ಅಕ್ಕಪಕ್ಕ ಚೆಲ್ಲದೆ ಒಂದೇ ದಿಕ್ಕಿಗೆ ಹೋಗಬೇಕು, ಬೇಕಾದ ಬಣ್ಣದಲ್ಲೇ (ಎಕ್ಸ್‌ರೇಗಾದರೆ ಬೇಕಾದ ಶಕ್ತಿಯಲ್ಲೇ) ಜಾಸ್ತಿ ಇರಬೇಕು.

ಸಣ್ಣ ಜಾಗದಿಂದ ಹೊರಡುವುದರಿಂದ ಒಂದು ದೊಡ್ಡ ಲಾಭವಿದೆ. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗವೂ ಇದೇ.

ಹಿತ್ತಲಲ್ಲಿ ನೀರಿನ ತೊಟ್ಟಿ ಇದ್ದವರು ಇದನ್ನು ನೋಡಿಯೇ ಇರುತ್ತಾರೆ. ಬಿಸಿಲಿನಲ್ಲಿ ನೀರು ಅಲುಗಿದರೆ ತೊಟ್ಟಿಯ ತಳದಲ್ಲಿ ಬೆಳಕಿನ ಗೆರೆಗಳು ಬಲೆಯಂತೆ ಕುಣಿಯುತ್ತವೆ. ನೀರು ತಿಳಿಯಾಗಿದೆ, ಬೆಳಕನ್ನು ತಡೆಯುತ್ತಿಲ್ಲ. ಆದರೂ ಅಲೆ ಕಾಣುತ್ತದೆ. ಅಲೆಯ ಏರಿಳಿತ ಬೆಳಕನ್ನು ತುಸು ಬಾಗಿಸಿ ಒಂದೆಡೆ ಗುಡ್ಡೆ ಹಾಕುತ್ತದೆ, ಇನ್ನೊಂದೆಡೆ ಖಾಲಿ ಬಿಡುತ್ತದೆ. ಮೋಡ ಕವಿದ ದಿನ ಇದೇ ತೊಟ್ಟಿಯಲ್ಲಿ ಈ ಗೆರೆಗಳಿಲ್ಲ. ಬೆಳಕು ಆಕಾಶದ ಎಲ್ಲ ಕಡೆಯಿಂದ ಬರುವಾಗ ಗೆರೆಗಳು ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ. ನೀರು ತೀರಾ ಕಡಿಮೆ ಇದ್ದರೂ ಗೆರೆ ಮೂಡದು. ಬಾಗಿದ ಬೆಳಕು ಒಂದಿಷ್ಟು ದೂರ ಹೋದರೆ ತಾನೆ ಗುಡ್ಡೆಯಾಗುವುದು?

ಆಸ್ಪತ್ರೆಯ ಎಕ್ಸ್‌ರೇ ಮೋಡದ ದಿನ ಇದ್ದಂತೆ. ಸಿಂಕ್ರೊಟ್ರಾನ್ ಬಿಸಿಲಿನ ದಿನ. ಸಣ್ಣ ಮೂಲ, ಉದ್ದ ದಾರಿ. ಗ್ರೆನೋಬಲ್‌ನಲ್ಲಿ ಈ ಕೆಲಸಕ್ಕೆಂದೇ ಇರುವ ಐಡಿ19 ಎಂಬ ಬೀಮ್‌ಲೈನ್, ಅಂದರೆ ಬಳೆಯಿಂದ ಪ್ರಯೋಗದ ಜಾಗಕ್ಕೆ ಕಿರಣ ಬರುವ ದಾರಿ, 145 ಮೀಟರ್ ಉದ್ದವಿದೆ. ಅಷ್ಟು ದೂರ ಬಂದ ಕಿರಣ ವಸ್ತುವನ್ನು ದಾಟುವಾಗ, ಎರಡು ಪದಾರ್ಥಗಳು ಕೂಡುವ ಗಡಿಯಲ್ಲಿ ಒಂದು ಕೂದಲೆಳೆಯಷ್ಟು ಬಾಗುತ್ತದೆ. ಕ್ಯಾಮೆರಾವನ್ನು ಒಂದಿಷ್ಟು ಹಿಂದಕ್ಕೆ ಇಟ್ಟರೆ ಪ್ರತಿ ಗಡಿಗೂ ಪೆನ್ನಿನಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಇದಕ್ಕೆ ಫೇಸ್ ಕಾಂಟ್ರಾಸ್ಟ್ ಎನ್ನುತ್ತಾರೆ. ಮಾಂಸ, ಪ್ಲಾಸ್ಟಿಕ್, ಅಲ್ಯೂಮಿನಿಯಂನಂಥ ಹಗುರ ಪದಾರ್ಥಗಳಲ್ಲಿ ನೆರಳಿಗಿಂತ ಈ ಬಾಗುವಿಕೆ ಎಷ್ಟೋ ಪಟ್ಟು ಪ್ರಬಲ. ಆಗ ಕಡಿಮೆ ಫೋಟಾನಿನಲ್ಲೇ ಜಾಸ್ತಿ ಕಾಣುತ್ತದೆ. ಹಾಗೆ ಉಳಿದ ಬೆಳಕನ್ನು ವೇಗಕ್ಕೆ ಖರ್ಚು ಮಾಡಬಹುದು.

ಕ್ಯಾಮೆರಾ ಎಂದೆನಲ್ಲ, ಅದು ಎಕ್ಸ್‌ರೇಯನ್ನು ನೇರವಾಗಿ ನೋಡುವುದಿಲ್ಲ. ಕಿರಣ ಮೊದಲು ಸಿಂಟಿಲೇಟರ್ ಎಂಬ ತೆಳು ಹರಳಿಗೆ ಬೀಳುತ್ತದೆ. ಬಿದ್ದ ಜಾಗದಲ್ಲಿ ಹರಳು ಮಿನುಗುತ್ತದೆ. ಆ ಮಿನುಗನ್ನು ಕನ್ನಡಿಯೊಂದು ಪಕ್ಕಕ್ಕೆ ತಿರುಗಿಸುತ್ತದೆ, ಮೈಕ್ರೊಸ್ಕೋಪಿನಂಥ ಲೆನ್ಸು ಹಿಗ್ಗಿಸುತ್ತದೆ, ಆಮೇಲೆ ವೇಗದ ಕ್ಯಾಮೆರಾ ಹಿಡಿಯುತ್ತದೆ. ಇಲ್ಲೂ ಅದೇ ಜಗ್ಗಾಟ. ಹರಳು ದಪ್ಪ ಇದ್ದರೆ ಜಾಸ್ತಿ ಹೊಳೆಯುತ್ತದೆ, ಆದರೆ ಚಿತ್ರ ಮಸುಕಾಗುತ್ತದೆ. ತೆಳು ಇದ್ದರೆ ಚಿತ್ರ ಚೂಪು, ಹೊಳಪು ಕಡಿಮೆ. ಒಮ್ಮೆ ಹೊಳೆದ ಮೇಲೆ ಬೇಗ ಆರಬೇಕು ಕೂಡ, ಇಲ್ಲದಿದ್ದರೆ ಹಿಂದಿನ ಚಿತ್ರದ ಭೂತ ಮುಂದಿನದರಲ್ಲಿ ಕೂತಿರುತ್ತದೆ.

ಸ್ವಿಟ್ಜರ್‌ಲೆಂಡಿನ ಸ್ವಿಸ್ ಲೈಟ್ ಸೋರ್ಸ್ ಎಂಬ ಸಿಂಕ್ರೊಟ್ರಾನ್‌ನಲ್ಲಿ ಇದಕ್ಕಾಗಿ ಗಿಗಾಫ್ರಾಸ್ಟ್ ಎಂಬ ಕ್ಯಾಮೆರಾ ಮಾಡಿಕೊಂಡರು. 2016 × 2016 ಪಿಕ್ಸೆಲ್‌ಗಳ ಚಿತ್ರಗಳನ್ನು ಸೆಕೆಂಡಿಗೆ 1,255ರಂತೆ ತೆಗೆದು, ಜೊತೆಜೊತೆಗೇ ಸ್ಟೋರೇಜಿಗೆ ಸುರಿಯುತ್ತದೆ. ಸೆಕೆಂಡಿಗೆ 7.7 ಗಿಗಾಬೈಟ್. 128 ಜಿಬಿ ಮೊಬೈಲ್ ಹದಿನೇಳು ಸೆಕೆಂಡಿನೊಳಗೆ ಭರ್ತಿ. ಪ್ರಯೋಗ ಮಾಡಿದವರು ಮನೆಗೆ ಹೋದ ಮೇಲೆ ತಿಂಗಳುಗಟ್ಟಲೆ ಈ ರಾಶಿಯನ್ನೇ ಕೇರುತ್ತಾ ಕೂರುತ್ತಾರೆ.

ಅದೇ ಜಾಗದಲ್ಲಿ ಬರ್ಲಿನ್ನಿನ ಹೆಲ್ಮ್‌ಹೋಲ್ಟ್ಸ್ ಕೇಂದ್ರದ ತಂಡವೊಂದು 2021ರಲ್ಲಿ ಸೆಕೆಂಡಿಗೆ 1,000 ಪೂರ್ತಿ ಸಿಟಿ ಸ್ಕ್ಯಾನ್ ತೆಗೆದು ತೋರಿಸಿತು. ಒಂದು ಸ್ಕ್ಯಾನಿಗೆ ಅರ್ಧ ಸುತ್ತು ಸಾಕು, ಏಕೆಂದರೆ ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿ ಬರುವಾಗ ಎದುರಿನಿಂದ ನೋಡಿದ ನೆರಳೂ ಬೆನ್ನಿನಿಂದ ನೋಡಿದ ನೆರಳೂ ಒಂದೇ. ಹಾಗಿದ್ದರೂ ವಸ್ತು ಸೆಕೆಂಡಿಗೆ 500 ಸುತ್ತು ತಿರುಗಬೇಕು. ಅಂದರೆ ನಿಮಿಷಕ್ಕೆ 30,000. ನಮ್ಮ ಶೆಡ್ಡಿನಲ್ಲಿ ಎರಕದ ಮೂಲೆ ಹೆರೆಯುವ ನಾಲ್ಕಿಂಚಿನ ಗ್ರೈಂಡರ್ ತಿರುಗುವುದು ನಿಮಿಷಕ್ಕೆ ಸುಮಾರು 11,000. ಹೆಚ್ಚುಕಡಿಮೆ ಅದರ ಮೂರು ಪಟ್ಟು ವೇಗ! ಅವರು ನೋಡಿದ್ದರಲ್ಲಿ ಗುಳ್ಳೆ ಏಳುತ್ತಿರುವ ಅಲ್ಯೂಮಿನಿಯಂ ನೊರೆ ಇತ್ತು, ಗಟ್ಟಿಯಾಗುತ್ತಿರುವ ಎರಕದ ಲೋಹ ಇತ್ತು. ಉರಿಯುತ್ತಿರುವ ಸುರುಸುರುಬತ್ತಿಯೂ ಇತ್ತು. ಇದನ್ನು ಓದಿದಾಗ ನಾನು ನಕ್ಕೆ. ಕೋಟಿಗಟ್ಟಲೆ ಬೆಲೆಯ ಯಂತ್ರದ ಮುಂದೆ ದೀಪಾವಳಿ.

ಇಷ್ಟು ವೇಗಕ್ಕೆ ದಂಡವೂ ಇದೆ. ಒಂದು ಸ್ಕ್ಯಾನಿಗೆ ಸಾವಿರ ನೆರಳು ಹಿಡಿಯಲು ಪುರುಸೊತ್ತಿಲ್ಲ, ಕೆಲವೇ ನೆರಳುಗಳಲ್ಲಿ ಕಂಪ್ಯೂಟರ್ ಊಹಿಸಿ ತುಂಬಬೇಕು. ಜೋರಾಗಿ ತಿರುಗುವಾಗ ದ್ರವ ಹೊರಗಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಆಗ ನೀವು ನೋಡುತ್ತಿರುವುದು ನಿಜವಾದ ಎರಕವೋ, ಮಿಕ್ಸಿ ಜಾರೋ ಎಂಬ ಅನುಮಾನ ಬಂದೇ ಬರುತ್ತದೆ. ಆದ್ದರಿಂದ ಎಲ್ಲರೂ ದಾಖಲೆಯ ವೇಗಕ್ಕೆ ಹೋಗುವುದಿಲ್ಲ. ಎಷ್ಟು ಬೇಕೋ ಅಷ್ಟೇ ವೇಗ.

ಎರಕ ಗಟ್ಟಿಯಾಗುವುದನ್ನು ನೋಡಲು ಬಹಳ ಸಲ ತಿರುಗಿಸುವುದೂ ಬೇಡ. ಕಾಲು ಮಿಲಿಮೀಟರಿನಷ್ಟು ತೆಳು ಲೋಹದ ಹಾಳೆಯನ್ನು ಪುಟ್ಟ ಕುಲುಮೆಯಲ್ಲಿ ಕರಗಿಸಿ, ಎರಡೂ ಕಡೆ ಕಿರಣ ದಾಟುವ ಕಿಟಕಿ ಬಿಟ್ಟು, ನಿಧಾನ ತಣಿಸುತ್ತಾ ಒಂದೇ ಕೋನದಿಂದ ಸಿನಿಮಾ ತೆಗೆಯುತ್ತಾರೆ. 1999ರಲ್ಲಿ ಗ್ರೆನೋಬಲ್‌ನಲ್ಲಿ ತವರ-ಸೀಸದ ಮಿಶ್ರಣದಲ್ಲಿ ಹೀಗೆ ನೋಡಿದರು. ಆಮೇಲೆ ಅಲ್ಯೂಮಿನಿಯಂ-ತಾಮ್ರದ ಸರದಿ. ಅಲ್ಯೂಮಿನಿಯಂ ಹರಳುಗಟ್ಟುವಾಗ ತಾಮ್ರವನ್ನು ಹೊರಗೆ ತಳ್ಳುತ್ತದೆ. ತಾಮ್ರ ಎಕ್ಸ್‌ರೇಯನ್ನು ಜಾಸ್ತಿ ತಡೆಯುವುದರಿಂದ ಗಟ್ಟಿ ಯಾವುದು, ದ್ರವ ಯಾವುದು ಎಂದು ಚೆನ್ನಾಗಿ ಬೇರೆಯಾಗಿ ಕಾಣುತ್ತದೆ. ಗಟ್ಟಿ ಲೋಹ ಗೋಡೆಯಂತೆ ಸಮನಾಗಿ ಮುಂದೆ ಬರುವುದಿಲ್ಲ. ಜಾಲಿಗಿಡದ ಕೊಂಬೆಗಳಂತೆ ಚಾಚುತ್ತದೆ, ಕೊಂಬೆಗೆ ಕೊಂಬೆ ಒಡೆಯುತ್ತದೆ. ಇದಕ್ಕೆ ಡೆಂಡ್ರೈಟ್ ಎಂದು ಹೆಸರು. ಕೊಂಬೆಗಳ ಸಂದಿಯಲ್ಲಿ ಕೊನೆಯ ದ್ರವ ಸಿಕ್ಕಿಹಾಕಿಕೊಳ್ಳುತ್ತದೆ.

ಕಾಕಾ ಅವರ ತೂತು ಹುಟ್ಟುವುದು ಆ ಸಂದಿಯಲ್ಲೇ.

ಕರಗಿದ ಅಲ್ಯೂಮಿನಿಯಂ ಹೈಡ್ರೋಜನ್ ಅನಿಲವನ್ನು ಕರಗಿಸಿಕೊಂಡಿರುತ್ತದೆ. ಈ ಹೈಡ್ರೋಜನ್ ಬರುವುದು ಮುಖ್ಯವಾಗಿ ನೀರಿನಿಂದ. ಬಿಸಿ ಅಲ್ಯೂಮಿನಿಯಂ ತೇವದಲ್ಲಿರುವ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಉಳಿದ ಹೈಡ್ರೋಜನ್ ಲೋಹದೊಳಗೆ ಇಳಿಯುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಗಾಳಿ, ಇಂಗಾಟು (ಕರಗಿಸಲು ತರುವ ಲೋಹದ ಗಟ್ಟಿ), ಲ್ಯಾಡಲ್ (ಲೋಹ ಸುರಿಯುವ ಸೌಟು) ಎಲ್ಲದರಲ್ಲೂ ತೇವ. "ಮಳ್ಯಾಗ ರಿಜೆಕ್ಷನ್ ಜಾಸ್ತಿ" ಎಂಬ ಶೆಡ್ಡಿನ ಮಾತಿಗೆ ಕಾರಣ ಇದು. ಲೋಹ ಗಟ್ಟಿಯಾದಾಗ ಅದು ಹಿಡಿದಿಟ್ಟುಕೊಳ್ಳಬಲ್ಲ ಹೈಡ್ರೋಜನ್ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉಳಿದದ್ದು ಕೊಂಬೆಗಳ ಸಂದಿಯ ದ್ರವಕ್ಕೆ ಬಂದು ಸೇರುತ್ತದೆ. ಅದೇ ಹೊತ್ತಿಗೆ ಲೋಹ ಶೇಕಡಾ ಆರೇಳರಷ್ಟು ಕುಗ್ಗುತ್ತಲೂ ಇರುತ್ತದೆ. ಕುಗ್ಗಿದಾಗ ಸಂದಿಯಲ್ಲಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ಗುಳ್ಳೆ ಏಳುವುದು ಸುಲಭ.

ಹಾಗಾದರೆ ಗ್ಯಾಸೋ ಶ್ರಿಂಕೇಜೋ? ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ದುಂಡಗಿದ್ದರೆ ಗ್ಯಾಸ್, ಹರಿದ ಬಟ್ಟೆಯ ಅಂಚಿನಂತಿದ್ದರೆ ಶ್ರಿಂಕೇಜ್ ಎಂಬುದು ಎರಕದವರ ಹಳೆಯ ಲೆಕ್ಕ. ಸಿನಿಮಾದಲ್ಲಿ ಅದರ ಮಿತಿ ಕಾಣುತ್ತದೆ. ಬೇಗ ಹುಟ್ಟಿದ ಗುಳ್ಳೆಗೆ ಸುತ್ತ ದ್ರವ ಬೇಕಾದಷ್ಟಿದೆ, ಅದು ದುಂಡಗೆ ಬೆಳೆಯುತ್ತದೆ. ತಡವಾಗಿ ಹುಟ್ಟಿದ ಗುಳ್ಳೆಗೆ ಸುತ್ತ ಬರೀ ಕೊಂಬೆ. ಅದು ಸಂದಿಗೊಂದಿಗಳಲ್ಲಿ ನುಸುಳಿ ಚಿಂದಿ ಆಕಾರ ತಾಳುತ್ತದೆ. ಅದರೊಳಗೆ ಇರುವುದೂ ಹೈಡ್ರೋಜನ್ನೇ ಇರಬಹುದು. ಕೊಯ್ದು ನೋಡಿದವರು ಮಾತ್ರ ಶ್ರಿಂಕೇಜ್ ಎಂದು ಬರೆದುಬಿಡುತ್ತಾರೆ. ಆಕಾರ ಹೇಳುವುದು ಗುಳ್ಳೆ ಯಾವುದರಿಂದ ಹುಟ್ಟಿತು ಎನ್ನುವುದಕ್ಕಿಂತ ಯಾವಾಗ ಹುಟ್ಟಿತು ಎಂಬುದನ್ನು.

ಈ ತಂತ್ರದ ಬೇರೆ ಉಪಯೋಗ ಬರೆದರೆ ಇನ್ನೊಂದು ಲೇಖನವಾದೀತು. ಎರಡೇ ಹೇಳುತ್ತೇನೆ. ಸ್ವಿಸ್ ಲೈಟ್ ಸೋರ್ಸ್‌ನಲ್ಲಿ ಜೀವಂತ ನೊಣವೊಂದು ಹಾರುತ್ತಿರುವಾಗಲೇ, ಸೆಕೆಂಡಿಗೆ ಸುಮಾರು 150 ಸಲ ಬಡಿಯುವ ರೆಕ್ಕೆಯನ್ನು ಆಡಿಸುವ, ಎದೆಯೊಳಗಿನ ಸ್ನಾಯುಗಳನ್ನು ಮೂರು ಆಯಾಮದಲ್ಲಿ ನೋಡಿ 2014ರಲ್ಲಿ ಪ್ರಕಟಿಸಿದರು. ಮರುವರ್ಷ ಗ್ರೆನೋಬಲ್‌ನಲ್ಲಿ ತೆಗೆದ ಚಿತ್ರಗಳು ಲಿಥಿಯಂ ಬ್ಯಾಟರಿ ಅತಿಯಾಗಿ ಕಾದು ಸಿಡಿಯುವಾಗ ಒಳಗಿನ ಪದರಗಳು ಹೇಗೆ ಕುಸಿಯುತ್ತವೆ ಎಂದು ತೋರಿಸಿದವು. ಎಲೆಕ್ಟ್ರಿಕ್ ಸ್ಕೂಟರ್ ಇಟ್ಟುಕೊಂಡವರಿಗೆ ಇದು ದೂರದ ವಿಷಯವೇನಲ್ಲ.

ನಮ್ಮ ದೇಶದಲ್ಲೂ ಸಿಂಕ್ರೊಟ್ರಾನ್ ಇದೆ, ಇಂದೋರಿನಲ್ಲಿ. ಇಂಡಸ್-2 ಎಂದು ಹೆಸರು, 2005ರಲ್ಲಿ ಶುರುವಾಯಿತು. ಸುತ್ತಳತೆ 172.5 ಮೀಟರ್, ಅಂದರೆ ಅಗಲ ಸುಮಾರು 55 ಮೀಟರ್. ವಿಜಯಪುರದ ಗೋಳಗುಮ್ಮಟದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲ. ಅದಕ್ಕಿಂತ ತುಸು ದೊಡ್ಡ ಬಳೆ ಎಂದುಕೊಳ್ಳಿ. ಆ ಸಂಸ್ಥೆಗೆ ಇರುವುದು ನಮ್ಮ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರ ಹೆಸರು. ಅಲ್ಲೂ ಎಕ್ಸ್‌ರೇ ಚಿತ್ರಕ್ಕೆಂದು ಒಂದು ಬೀಮ್‌ಲೈನ್ ಇದೆ. ಏನು ನೋಡಬೇಕು, ಯಾಕೆ ನೋಡಬೇಕು ಎಂದು ಸಂಶೋಧಕರು ಪ್ರಸ್ತಾವ ಬರೆದು ಕಳಿಸಿದರೆ, ಅದನ್ನು ಪರಿಶೀಲಿಸಿ ಸಮಯ ಕೊಡುತ್ತಾರೆ. ಗ್ರೆನೋಬಲ್‌ನಷ್ಟು ಪ್ರಖರತೆ ಇಲ್ಲಿಲ್ಲ. ಆದರೆ ಎಲ್ಲ ಪ್ರಶ್ನೆಗೂ ಅಷ್ಟು ಬೇಕಾಗುವುದೂ ಇಲ್ಲ.

ಇಷ್ಟೆಲ್ಲ ಓದಿದ ಮೇಲೆ ಒಂದು ಸಂಜೆ ಕಾಕಾ ಅವರಿಗೆ ಮೊಬೈಲಿನಲ್ಲಿ ಅಂಥ ಒಂದು ಸಿನಿಮಾ ತೋರಿಸಿದೆ. ಬಾಜೂ ಶೆಡ್ಡಿನ ಕಬ್ಬಿಣದ ಎರಕದವರೂ ಚಹಾ ಕುಡಿಯುತ್ತಾ ಬಂದು ನಿಂತರು. ಕೊಂಬೆ ಚಾಚಿತು, ಸಂದಿಯಲ್ಲಿ ಒಂದು ಚುಕ್ಕೆ ಮೂಡಿತು, ಹಿಗ್ಗಿತು. ಅವರು ಕೇಳಿದರು: "ಕಬ್ಬಿಣದ್ದು ತೋರ್ಸಲ್ಲ?"

ಅಲ್ಲಿ ತೊಡಕು ಇದೆ ಎಂದೆ. ಎಕ್ಸ್‌ರೇಯ ಶಕ್ತಿ 20 ಕಿಲೋ ಎಲೆಕ್ಟ್ರಾನ್ ವೋಲ್ಟ್ ಇದ್ದಾಗ, ಒಂದು ಮಿಲಿಮೀಟರ್ ಅಲ್ಯೂಮಿನಿಯಂ ದಾಟಿದ ಮೇಲೂ ನೂರರಲ್ಲಿ ನಲವತ್ತು ಪಾಲು ಬೆಳಕು ಉಳಿಯುತ್ತದೆ. ಕಬ್ಬಿಣವಾದರೆ 0.05 ಮಿಲಿಮೀಟರ್ ದಾಟುವಷ್ಟರಲ್ಲೇ ಬೆಳಕು ಹೆಚ್ಚುಕಡಿಮೆ ಅಷ್ಟಕ್ಕೆ ಇಳಿದುಹೋಗುತ್ತದೆ. 100 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ಏರಿಸಿದರೆ ಕೆಲವು ಮಿಲಿಮೀಟರ್ ದಾಟಬಹುದು. ಆದರೆ ಆಗ ನೆರಳಿನ ವ್ಯತ್ಯಾಸ ಕಡಿಮೆ, ಹರಳೂ ಅಷ್ಟು ಚೆನ್ನಾಗಿ ಮಿನುಗುವುದಿಲ್ಲ. ಅಂತೂ ಎಷ್ಟೇ ಮಾಡಿದರೂ ತುಂಡು ಸಣ್ಣದೇ ಇರಬೇಕು.

ಕಾಕಾ ಅಷ್ಟು ಹೊತ್ತು ಮಾತಾಡಿರಲಿಲ್ಲ. ಸಿನಿಮಾವನ್ನು ಮತ್ತೆ ಮೊದಲಿನಿಂದ ಬಿಟ್ಟುಕೊಂಡು ನೋಡುತ್ತಿದ್ದರು. "ಇದು ಎಷ್ಟು ದಪ್ಪ ಐತಿ ಅಂದಿ?"

"ಕಾಲು ಮಿಲಿಮೀಟರ್ ರೀ ಕಾಕಾ."

"ನಮ್ಮ ಕವರ್ ಹನ್ನೆರಡು ಮಿಲಿಮೀಟರ್. ಇಷ್ಟು ತೆಳುವಿನಾಗ ಲೋಹ ಹೆಂಗ ಹರೀತೈತಿ, ಹನ್ನೆರಡರಾಗ ಹಂಗ ಹರಿಯೂದಿಲ್ಲ. ಇದಕ್ಕ ರೈಸರ್ ಎಲ್ಲಿ ಇಡ್ತಾರ?"

ಈ ಕ್ಷೇತ್ರದವರೂ ಒಪ್ಪುವ ಕೊರತೆ ಇದು. ತೆಳು ಹಾಳೆಯಲ್ಲಿ ದ್ರವದ ಓಡಾಟ ಕಟ್ಟಿಹಾಕಿದಂತಿರುತ್ತದೆ, ತಣಿಯುವ ರೀತಿಯೂ ಬೇರೆ. ಆದ್ದರಿಂದ ಅವರು ಆ ಸಿನಿಮಾವನ್ನು ನೇರವಾಗಿ ಎರಕಕ್ಕೆ ಅನ್ವಯಿಸುವುದಿಲ್ಲ. ಗುಳ್ಳೆ ಯಾವಾಗ ಹುಟ್ಟಿತು, ಎಷ್ಟು ಬೇಗ ಬೆಳೆಯಿತು ಎಂಬ ಅಳತೆಯನ್ನು ಕಂಪ್ಯೂಟರ್ ಲೆಕ್ಕಕ್ಕೆ ಕೊಟ್ಟು, ಆ ಲೆಕ್ಕ ಸಿನಿಮಾಕ್ಕೆ ತಾಳೆಯಾಗುವವರೆಗೂ ತಿದ್ದುತ್ತಾರೆ. ತಿದ್ದಿದ ಲೆಕ್ಕವನ್ನು ಆಮೇಲೆ ಹನ್ನೆರಡು ಮಿಲಿಮೀಟರಿನ ಎರಕಕ್ಕೆ ಓಡಿಸುತ್ತಾರೆ. ಕಾಸ್ಟಿಂಗ್ ಸಿಮ್ಯುಲೇಷನ್ ಮಾರುವವರು ಪರದೆಯ ಮೇಲೆ ಕೆಂಪು ಬಣ್ಣ ತೋರಿಸಿ "ಇಲ್ಲಿ ತೂತು ಬೀಳುತ್ತದೆ" ಎನ್ನುತ್ತಾರಲ್ಲ, ಆ ಕೆಂಪಿನ ಹಿಂದೆಯೂ ಇಂಥ ಅಳತೆಗಳೇ ಇರಬೇಕು.

ಕಾಕಾ ಮೊಬೈಲು ವಾಪಸ್ ಕೊಟ್ಟು ಎದ್ದರು. ಹೊರಗೆ ಮಳೆ ಹಿಡಿದಿತ್ತು. ಬಾಗಿಲ ಹತ್ತಿರ ಇಟ್ಟಿದ್ದ ಇಂಗಾಟುಗಳನ್ನು ಒಳಗೆ, ಕುಲುಮೆಯ ಪಕ್ಕ ಒಟ್ಟಲು ಹುಡುಗರಿಗೆ ಹೇಳಿದರು.